ನಾಲ್ಕೈದು ಕಡೆ ಕೆಲಸ ಮಾಡಿದವರಿಗೆ ಯಾವ ಎಂಬಿಎ?

ನಮ್ಮ ಭಾವನ ಹೋಟೆಲು ಮುಂಬೈಯ ಘಾಟ್‌ಕೋಪರಿನಲ್ಲಿದೆ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ ತನಕ ಅಲ್ಲಿ ಗಿರಾಕಿ ಕಡಿಮೆ. ಫ್ಯಾಮಿಲಿ ರೂಮಿನ ಮೂಲೆ ಟೇಬಲು ಆ ಹೊತ್ತಿಗೆ ನನ್ನದು. ಕೆಲವು ವರ್ಷಗಳಿಂದ ನೆಂಟರ ಮಕ್ಕಳು, ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಹುಡುಗರು, ಅವರ ಗೆಳೆಯರು ಅಂತ ಒಬ್ಬರ ಹಿಂದೆ ಒಬ್ಬರು ರೆಸ್ಯೂಮೆ ಹಿಡಿದುಕೊಂಡು ಅಲ್ಲಿಗೆ ಬರುತ್ತಾರೆ. ಎಲ್ಲರದ್ದೂ ಒಂದೇ ಗೋಳು. "ಅಕ್ಕ, ನಾಲ್ಕು ಕಡೆ ಕೆಲಸ ಮಾಡಿದ್ದೇನೆ. ಒಂದಕ್ಕೊಂದು ಸಂಬಂಧ ಇಲ್ಲ. ನನಗೆ ಯಾರು ಎಂಬಿಎ ಸೀಟು ಕೊಡ್ತಾರೆ?"

ನನ್ನ ಹತ್ತಿರವೇ ಬರಲು ಕಾರಣ ಇದೆ. ನನ್ನದೂ ಅದೇ ಕತೆ. ಬಿಕಾಂ ಮುಗಿಸಿ ಇದೇ ಹೋಟೆಲಿನ ಲೆಕ್ಕ ಬರೆದೆ. ಆಮೇಲೆ ಮಲಾಡಿನಲ್ಲಿ ರಾತ್ರಿ ಪಾಳಿಯ ಕಾಲ್ ಸೆಂಟರು. ಅಲ್ಲಿಂದ ಒಂದು ಕೋಚಿಂಗ್ ಕಂಪನಿಯ ಸೇಲ್ಸು. ಆಮೇಲೆ ಧಾರಾವಿಯಲ್ಲಿ ಮಕ್ಕಳಿಗೆ ಪಾಠ ಹೇಳಿಸುವ ಒಂದು ಸಂಸ್ಥೆ. ಕೊನೆಗೆ ಭಿವಂಡಿಯ ಗೋಡೌನು. ನನ್ನ ಅತ್ತೆ ನೆಂಟರ ಎದುರು ಹೇಳುತ್ತಿದ್ದರು, "ಇವಳಿಗೆ ಏನು ಕೆಲಸ ಅಂತ ಕೇಳಬೇಡಿ, ಈ ತಿಂಗಳು ಏನು ಕೆಲಸ ಅಂತ ಕೇಳಿ."

ಬಂದವರು ಸಾಮಾನ್ಯವಾಗಿ ಕಾಲೇಜಿನ ಹೆಸರುಗಳ ಪಟ್ಟಿ ತಂದಿರುತ್ತಾರೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬ ರ‍್ಯಾಂಕಿಂಗು. ನಾನು ಆ ಪಟ್ಟಿಯನ್ನು ಮಗುಚಿ ಇಡುತ್ತೇನೆ. ನಮ್ಮಂಥವರಿಗೆ ಹೋಲಿಸಬೇಕಾದದ್ದು ಬೇರೆ. ಸೀಟು ಕೊಡುವವರಲ್ಲಿ ಮೂರು ಜಾತಿ. ನಿಮ್ಮ ಕೆಲಸದ ವಿಷಯ ಕೇಳದೇ ಇರುವವರು. ತಿಂಗಳು ಎಣಿಸುವವರು. ಕೂತು ಓದುವವರು. ನಿಮ್ಮ ಕತೆಗೆ ಇವರಲ್ಲಿ ಯಾರು ಸರಿ ಅಂತ ಮೊದಲು ನೋಡಿ. ಕಾಲೇಜಿನ ಹೆಸರು ಆಮೇಲೆ.

ಕ್ಯಾಲೆಂಡರಿನ ಹಿಂಬದಿ

ಅದಕ್ಕೂ ಮುಂಚೆ ಒಂದು ಕೆಲಸ ಇದೆ. ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಹರಿದುಕೊಳ್ಳಿ. ಹಿಂಬದಿಯಲ್ಲಿ ವರ್ಷಕ್ಕೊಂದು ಸಾಲು, ಸಾಲಿಗೆ 12 ಮನೆ ಎಳೆಯಿರಿ. ಡಿಗ್ರಿ ಮುಗಿದ ತಿಂಗಳಿನಿಂದ ಶುರು. ಪಿಎಫ್ ಕಟ್ಟಿದ ತಿಂಗಳಿಗೆ ನೀಲಿ ಬಣ್ಣ. ಪಿಎಫ್ ಇಲ್ಲ, ಆದರೆ ಸಂಬಳ ಬ್ಯಾಂಕಿಗೆ ಬಂದಿದೆ ಅಥವಾ ಫಾರ್ಮ್ 16 (ಕಂಪನಿ ಕೊಡುವ ತೆರಿಗೆ ಪತ್ರ) ಇದೆ ಅಂದರೆ ಹಸಿರು. ಕೈಗೆ ಕಾಸು ತೆಗೆದುಕೊಂಡು ದುಡಿದ ತಿಂಗಳಿಗೆ ಪೆನ್ಸಿಲ್ ಗೀರು. ಕೆಲಸ ಇಲ್ಲದ ತಿಂಗಳು ಖಾಲಿ ಬಿಡಿ.

ಹೋದ ಸಲ ಬಂದವನು ನನ್ನ ಯಜಮಾನರ ಸೋದರತ್ತೆಯ ಮಗ. "ಏಳು ವರ್ಷ ಎಕ್ಸ್‌ಪೀರಿಯನ್ಸ್" ಅಂತಲೇ ಮಾತು ಶುರು ಮಾಡಿದ. ಏಳು ವರ್ಷ ಅಂದರೆ 84 ಮನೆ. ಬಣ್ಣ ತುಂಬಿಸಿದೆವು. ನೀಲಿ 41, ಹಸಿರು 14, ಪೆನ್ಸಿಲ್ 17, ಖಾಲಿ 12. ಕಾಗದ ತೋರಿಸಿ ಸಾಧಿಸಬಹುದಾದದ್ದು 55 ತಿಂಗಳು. ನಾಲ್ಕು ವರ್ಷ ಏಳು ತಿಂಗಳು. ಅವನು ಸ್ವಲ್ಪ ಹೊತ್ತು ಆ ಹಾಳೆಯನ್ನೇ ನೋಡಿದ. "ಅಂದ್ರೆ ಎರಡೂವರೆ ವರ್ಷ ನಾನು ಎಲ್ಲೂ ಇರಲಿಲ್ವಾ ಅಕ್ಕ?"

ಇದ್ದೆ ಮಾರಾಯ, ಇದ್ದೆ. ಆದರೆ ಕೋರ್ಸು ಆರಿಸುವಾಗ ಈ 55 ಮತ್ತು 84ರ ನಡುವಿನ ವ್ಯತ್ಯಾಸ ಬಹಳ ದೊಡ್ಡದು. ಐಐಎಂ ಬೆಂಗಳೂರಿನ ಒಂದು ವರ್ಷದ ಇಪಿಜಿಪಿಗೆ ಐದು ವರ್ಷದ ಅನುಭವ ಬೇಕು. ಐಐಎಂ ಅಹಮದಾಬಾದಿನ ಪಿಜಿಪಿಎಕ್ಸ್‌ಗೆ ನಾಲ್ಕು ಸಾಕು. ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್, ಅಂದರೆ ಐಎಸ್‌ಬಿಯ ಪಿಜಿಪಿ ಕೋರ್ಸಿಗೆ 24 ತಿಂಗಳು. ಎಲ್ಲ ಕಡೆಯೂ ಲೆಕ್ಕಕ್ಕೆ ಬರುವುದು ಡಿಗ್ರಿ ಆದ ಮೇಲಿನ ಪೂರ್ಣಾವಧಿಯ ಕೆಲಸ. ಓದುವಾಗ ಮಾಡಿದ ಪಾರ್ಟ್ ಟೈಮು, ಇಂಟರ್ನ್‌ಶಿಪ್ಪು ಸಾಮಾನ್ಯವಾಗಿ ಎಣಿಕೆಗೆ ಇಲ್ಲ. ಯಾವ ತಾರೀಕಿನ ತನಕ ಎಣಿಸುತ್ತಾರೆ ಎಂಬುದನ್ನೂ ನೋಡಿ. ಅದು ಕಾಲೇಜಿಗೊಂದು ಥರ ಇರುತ್ತದೆ. ನಮ್ಮ ಹುಡುಗ ಈಗಲೂ ಕೆಲಸದಲ್ಲಿ ಇರುವುದರಿಂದ ಕೊರತೆ ಬಿದ್ದ ಐದು ತಿಂಗಳು ಒಂದು ಕಡೆ ಬಾಗಿಲು ಮುಚ್ಚಬಹುದು, ಇನ್ನೊಂದು ಕಡೆ ಕೋರ್ಸು ಶುರುವಾಗುವ ಹೊತ್ತಿಗೆ ತಾನಾಗಿ ತುಂಬಬಹುದು.

ನೀಲಿ ಮನೆಗಳನ್ನು ನೆನಪಿನಿಂದ ತುಂಬಬೇಡಿ. ಇಪಿಎಫ್‌ಒ ಪೋರ್ಟಲಿನಲ್ಲಿ ನಿಮ್ಮ ಯುಎಎನ್ (ಪಿಎಫ್ ನಂಬರು) ಹಾಕಿ ಒಳಗೆ ಹೋದರೆ ಸರ್ವಿಸ್ ಹಿಸ್ಟರಿ ಅಂತ ಇದೆ. ಸೇರಿದ ದಿನ, ಬಿಟ್ಟ ದಿನ ಎರಡೂ ಅಲ್ಲಿರುತ್ತವೆ. ಇರಬೇಕು. ನನ್ನ ವಿಷಯದಲ್ಲಿ ಇರಲಿಲ್ಲ. ನಾನು ಬಿಟ್ಟುಬಂದ ಒಂದು ಕಂಪನಿಯವರು ಬಿಟ್ಟ ದಿನಾಂಕವನ್ನೇ ತುಂಬಿರಲಿಲ್ಲ. ಪೋರ್ಟಲಿನ ಪ್ರಕಾರ ನಾನು ಒಂದೂವರೆ ವರ್ಷ ಎರಡು ಕಡೆ ಒಟ್ಟಿಗೆ ದುಡಿಯುತ್ತಿದ್ದೆ! ಎರಡು ದೋಣಿಯಲ್ಲಿ ಕಾಲು ಅನ್ನುವುದನ್ನು ಸರಕಾರಿ ದಾಖಲೆಯಲ್ಲೇ ನೋಡಿದೆ. ದಾಖಲೆ ಪರಿಶೀಲನೆಯ ದಿನ ಅದಕ್ಕಾಗಿ ನಾನು ಬೆವರಿದ್ದು ನನಗೆ ಗೊತ್ತು. ಈಗ ಆ ಕಷ್ಟ ಇಲ್ಲ. ಕೊನೆಯ ಕಂತು ಬಿದ್ದು ಎರಡು ತಿಂಗಳಾದ ಮೇಲೆ ಬಿಟ್ಟ ದಿನಾಂಕವನ್ನು ನಾವೇ ತುಂಬಬಹುದು. ಅರ್ಜಿಯ ಸೀಸನ್ ಶುರುವಾಗುವ ಮೊದಲೇ ಮುಗಿಸಿಕೊಳ್ಳಿ. ರಿಲೀವಿಂಗ್ ಲೆಟರೂ ಅಷ್ಟೇ. ಹಳೆಯ ಎಚ್‌ಆರ್ ಕೆಲಸ ಬಿಟ್ಟುಹೋಗಿರುತ್ತಾರೆ, ಹೊಸಬರಿಗೆ ನಿಮ್ಮ ಮುಖ ಗೊತ್ತಿರುವುದಿಲ್ಲ.

ಪೆನ್ಸಿಲ್ ಗೀರಿನ ಮನೆಗಳು, ಅಂದರೆ ಮನೆಯ ಹೋಟೆಲು, ಮಾವನ ಕ್ಯಾಂಟೀನು, ಅಣ್ಣನ ಅಂಗಡಿ. ನಮ್ಮ ಮುಂಬೈ ಕನ್ನಡಿಗರಲ್ಲಿ ಇದು ಜಾಸ್ತಿ. ಜಿಎಸ್‌ಟಿ ನೋಂದಣಿಯಲ್ಲಿ ನಿಮ್ಮ ಹೆಸರಿದ್ದರೆ, ಆ ವರ್ಷಗಳ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದರೆ ಅದನ್ನು ಹಸಿರಿಗೆ ದಾಟಿಸಬಹುದು. ಇಲ್ಲವಾದರೆ ಅದು ಎಣಿಕೆಗೆ ಸಿಗುವುದಿಲ್ಲ. ಹಾಗಂತ ಅಳಿಸಬೇಡಿ. ಅದರ ಉಪಯೋಗ ಬೇರೆ ಕಡೆ ಇದೆ, ಮುಂದೆ ಹೇಳುತ್ತೇನೆ.

ಕೇಳದೇ ಇರುವವರು

ಮಹಾರಾಷ್ಟ್ರದ ಎಂಬಿಎ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಈ ಜಾತಿಯದು. 200 ಪ್ರಶ್ನೆ, 150 ನಿಮಿಷ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಚರ್ಚ್‌ಗೇಟಿನ ಜಮ್ನಾಲಾಲ್ ಬಜಾಜ್ ಇನ್‌ಸ್ಟಿಟ್ಯೂಟು 1965ರಿಂದ ಇದೆ. ಮುಂಬೈಯವರು ಸುಮ್ನೆ 'ಬಜಾಜ್' ಅನ್ನುತ್ತಾರೆ. ಅಲ್ಲಿ ಎಂಬಿಎ ಥರದ್ದೇ ಆದ ಎರಡು ವರ್ಷದ ಎಂಎಂಎಸ್‌ಗೆ ಗ್ರೂಪ್ ಡಿಸ್ಕಷನ್ ಇಲ್ಲ, ಸಂದರ್ಶನವೂ ಇಲ್ಲ. ಪರ್ಸೆಂಟೈಲ್ ಬಂತಾ, ಸೀಟು ಸಿಕ್ಕಿತು. ಅದೇ ಚರ್ಚ್‌ಗೇಟಿನ ಸಿಡೆನ್‌ಹ್ಯಾಮಿನ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟಿಗೂ ಸಿಇಟಿಯೇ ದಾರಿ. ನೀವು ನಾಲ್ಕು ಕೆಲಸ ಬಿಟ್ಟಿರಾ, ಎರಡು ವರ್ಷ ಮನೆಯಲ್ಲಿ ಇದ್ದಿರಾ, ಯಾರೂ ಕೇಳುವುದಿಲ್ಲ. ಶುಲ್ಕವೂ ದೊಡ್ಡ ಖಾಸಗಿ ಸಂಸ್ಥೆಗಳ ಅರ್ಧಕ್ಕಿಂತ ಬಹಳ ಕಡಿಮೆ.

ಕೇಳಲು ಸ್ವರ್ಗದ ಥರ ಇದೆ, ಅಲ್ವಾ? ಎರಡು ತೊಡಕಿದೆ. ಒಂದು, ಡೊಮಿಸೈಲ್, ಅಂದರೆ ನೀವು ಯಾವ ರಾಜ್ಯದವರು ಎಂಬುದು. ಸೀಟುಗಳ ದೊಡ್ಡ ಪಾಲು ಮಹಾರಾಷ್ಟ್ರದ ಅಭ್ಯರ್ಥಿಗಳಿಗೆ. ಇಲ್ಲೇ ಹುಟ್ಟಿ ಇಲ್ಲೇ ಓದಿದ ನಮ್ಮ ಡೊಂಬಿವಲಿ, ಮಾಟುಂಗಾದ ಮಕ್ಕಳಿಗೆ ತೊಂದರೆ ಇಲ್ಲ. ಊರಲ್ಲಿ ಡಿಗ್ರಿ ಮುಗಿಸಿ ಕೆಲಸಕ್ಕೆ ಅಂತ ಬಂದವರು ಉಳಿದ ಸಣ್ಣ ಪಾಲಿನಲ್ಲಿ ದೇಶದ ಎಲ್ಲರ ಜೊತೆ ಗುದ್ದಾಡಬೇಕು. ಎರಡು, ಪ್ರಶ್ನೆ ತಪ್ಪಿಹೋಗುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ. ಕಾಲೇಜು ಕೇಳದೇ ಇದ್ದದ್ದನ್ನು ಪ್ಲೇಸ್‌ಮೆಂಟಿಗೆ ಬಂದ ಕಂಪನಿ ಕೇಳುತ್ತದೆ. ಆಗ ಉತ್ತರ ಹುಡುಕಲು ಕೂತರೆ ತಡ. ಆದರೆ ಆ ಉತ್ತರ ಬೆಳೆಸಿಕೊಳ್ಳಲು ನಿಮಗೆ ಎರಡು ವರ್ಷ ಸಿಕ್ಕಿರುತ್ತದೆ. ಅದು ಕಡಿಮೆ ಲಾಭ ಅಲ್ಲ.

ನನ್ನ ಮಟ್ಟಿಗೆ ಇದು ಯಾರಿಗೆ ಸರಿ ಅಂದರೆ, ನೀಲಿ ಹಸಿರು ಸೇರಿ ಮೂರು ವರ್ಷದೊಳಗೆ ಇರುವವರಿಗೆ, ಮತ್ತು ಗಡಿಯಾರ ನೋಡಿಕೊಂಡು ಚಕಚಕನೆ ಪ್ರಶ್ನೆ ಬಿಡಿಸುವ ಕೈ ಇರುವವರಿಗೆ. ಸಿಇಟಿಯಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗುವುದಿಲ್ಲ. ನನಗೆ ಆ ಕೈ ಇರಲಿಲ್ಲ. ಎರಡು ಸಲ ಬರೆದು ಗೊತ್ತಾಯಿತು.

ಎಣಿಸುವವರು

ಐಐಎಂಗಳ ಎರಡು ವರ್ಷದ ಎಂಬಿಎಗೆ ಕೆಲಸದ ಅನುಭವ ಕಡ್ಡಾಯ ಅಲ್ಲ. ಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಸಾಮಾನ್ಯವಾಗಿ ನವೆಂಬರಿನ ಕೊನೆಯ ಭಾನುವಾರ, ಮೂರು ವಿಭಾಗ, ಒಂದೊಂದಕ್ಕೆ 40 ನಿಮಿಷ. ಅಂಕ ಒಂದೇ ವರ್ಷಕ್ಕೆ ಚಾಲ್ತಿ. ಆಮೇಲೆ ಹತ್ತನೇ ಕ್ಲಾಸು, ಹನ್ನೆರಡನೇ ಕ್ಲಾಸು, ಡಿಗ್ರಿಯ ಅಂಕಗಳನ್ನು ಕೂಡಿಸುತ್ತಾರೆ. ಕೆಲಸ ಅಲ್ಲಿ ಬರೀ ಒಂದು ಸಂಖ್ಯೆ. ಎಷ್ಟು ತಿಂಗಳು? ಐಐಎಂ ಬೆಂಗಳೂರಿನ ಸೂತ್ರದಲ್ಲಿ ಆ ಅಂಕ 36 ತಿಂಗಳಿಗೆ ಗರಿಷ್ಠ ಮುಟ್ಟುತ್ತದೆ. ಅಲ್ಲಿಂದ ಮುಂದೆ ನೀವು ಹತ್ತು ವರ್ಷ ದುಡಿದಿದ್ದರೂ ಒಂದೇ. ಮೂರು ವರ್ಷವನ್ನು ಒಂದೇ ಕಂಪನಿಯಲ್ಲಿ ಕಳೆದಿರಾ, ಐದು ಕಡೆ ಕಳೆದಿರಾ ಎಂಬುದು ಆ ಸೂತ್ರಕ್ಕೆ ಕಾಣುವುದಿಲ್ಲ. ಸಂದರ್ಶನಕ್ಕೆ ಕರೆದ ಮೇಲೆ ಕಾಣುತ್ತದೆ.

ಮುಂಬೈಯವರಿಗೆ ಈಗ ಮನೆ ಹತ್ತಿರವೇ ಒಂದು ಐಐಎಂ ಇದೆ. ಪೊವಾಯಿಯ ನಿಟಿ ಎಂಬ ಹಳೆಯ ಸಂಸ್ಥೆ 2023ರಲ್ಲಿ ಐಐಎಂ ಮುಂಬೈ ಆಯಿತು. 1963ರಿಂದ ಇಂಡಸ್ಟ್ರಿಯಲ್ ಇಂಜಿನಿಯರಿಂಗಿಗೆ ಹೆಸರಾದ ಜಾಗ ಅದು. ಅಲ್ಲೇ ಪಕ್ಕದ ಐಐಟಿ ಬಾಂಬೆಯ ಶೈಲೇಶ್ ಮೆಹ್ತಾ ಸ್ಕೂಲಿಗೂ ಕ್ಯಾಟೇ. ಗೋಡೌನು, ಸಪ್ಲೈ ಚೈನು, ಫ್ಯಾಕ್ಟರಿ ಎಂದು ಅಲೆದವರು ಪೊವಾಯಿಯ ಕಡೆ ಒಂದು ಕಣ್ಣು ಇಡಬೇಕು. ಆದರೆ ಹತ್ತನೇ ಕ್ಲಾಸಿನಲ್ಲಿ 58 ಪರ್ಸೆಂಟ್ ತೆಗೆದಿದ್ದರೆ ಈ ದಾರಿ ಕಡಿದು. ಹಳೆಯ ಅಂಕ ಬೆನ್ನು ಬಿಡುವುದಿಲ್ಲ. ನಮ್ಮಲ್ಲಿ ನಾಲ್ಕು ಕೆಲಸ ಅಲೆದವರ ಪೈಕಿ ಅನೇಕರು ಶಾಲೆಯಲ್ಲಿ ಅಷ್ಟಕ್ಕಷ್ಟೇ ಇದ್ದವರು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಎಣಿಸುವವರ ಇನ್ನೊಂದು ಗುಂಪು ಸಂಜೆ ಕಾಲೇಜುಗಳು. ಬಜಾಜಿನಲ್ಲೇ ಮೂರು ವರ್ಷದ ಪಾರ್ಟ್ ಟೈಮ್ ಕೋರ್ಸುಗಳಿವೆ. ಮಾರ್ಕೆಟಿಂಗಿಗೆ ಎಂಎಂಎಂ, ಫೈನಾನ್ಸಿಗೆ ಎಂಎಫ್‌ಎಂ, ಎಚ್‌ಆರ್‌ಗೆ ಎಂಎಚ್‌ಆರ್‌ಡಿಎಂ. ಮುಂಬೈಯಲ್ಲಿ ಬೇರೆ ಕಾಲೇಜುಗಳಲ್ಲೂ ಇವೇ ಹೆಸರಿನಲ್ಲಿ ಸಿಗುತ್ತವೆ. ನಾನು ಮಾಡಿದ್ದು ಇಂಥದ್ದೇ ಒಂದು. ನಮ್ಮ ಹಿರಿಯರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದ ಊರು ಇದು. ಸಂಜೆ ಎಂಬಿಎ ಅಂದಾಗ ನಮ್ಮ ಮನೆಯಲ್ಲಿ ಯಾರೂ ಹುಬ್ಬು ಏರಿಸಲಿಲ್ಲ. ದೊಡ್ಡಪ್ಪನಂತೂ "ಅದೇ ಅಲ್ವಾ ಓದುವ ರೀತಿ?" ಅಂದರು.

ಆದರೆ ಮೂರು ವರ್ಷ ಅಂದರೆ ಮೂರು ವರ್ಷ. ಭಿವಂಡಿಯಿಂದ ಕಲ್ಯಾಣಕ್ಕೆ ಶೇರ್ ರಿಕ್ಷಾ, ಅಲ್ಲಿಂದ ಫಾಸ್ಟ್ ಲೋಕಲು, ಕ್ಲಾಸು, ಮತ್ತೆ ರಾತ್ರಿಯ ಲೋಕಲಿನಲ್ಲಿ ಡೊಂಬಿವಲಿ. ಲೇಡೀಸ್ ಡಬ್ಬದಲ್ಲಿ ಮೆಂತ್ಯ ಸೊಪ್ಪು ಬಿಡಿಸುವ ಹೆಂಗಸರ ಮಧ್ಯೆ ಬ್ಯಾಲೆನ್ಸ್ ಶೀಟು ಓದಿದ್ದೇನೆ. ಒಬ್ಬರು ಪುಸ್ತಕಕ್ಕೆ ಇಣುಕಿ ನೋಡಿ, "ಇಷ್ಟು ಸಾಲ ಯಾರದ್ದು?" ಅಂತ ಕೇಳಿದ್ದರು. ಕೆಲಸ ಬಿಡಬೇಕಾಗಿಲ್ಲ, ಸಂಬಳ ನಿಲ್ಲುವುದಿಲ್ಲ ಎಂಬುದು ಇದರ ದೊಡ್ಡ ಗುಣ. ಕ್ಯಾಂಪಸ್ ಪ್ಲೇಸ್‌ಮೆಂಟಿನ ಆಸೆ ಇಟ್ಟುಕೊಳ್ಳಬೇಡಿ ಎಂಬುದು ದೊಡ್ಡ ಕೊರತೆ. ಇದು ಈಗಿರುವ ಕಂಪನಿಯಲ್ಲೇ ಮೇಲೆ ಹತ್ತಲು ಏಣಿ. ಬೇರೆ ಕ್ಷೇತ್ರಕ್ಕೆ ಹಾರಲು ಹಲಗೆ ಅಲ್ಲ. ನಾನು ಗೋಡೌನಿನಲ್ಲೇ ಉಳಿಯುವ ಮನಸ್ಸು ಮಾಡಿದ್ದೆ, ಹಾಗಾಗಿ ನನಗೆ ಒಗ್ಗಿತು. ಸೇಲ್ಸ್ ಬಿಟ್ಟು ಫೈನಾನ್ಸಿಗೆ ಹೋಗಬೇಕು ಅಂತ ಸೇರಿದ ನನ್ನ ಕ್ಲಾಸಿನ ಇಬ್ಬರು ಮೂರು ವರ್ಷ ಆದ ಮೇಲೂ ಸೇಲ್ಸಿನಲ್ಲೇ ಇದ್ದರು.

ಕೂತು ಓದುವವರು

ನಾಲ್ಕೈದು ಥರದ ಕೆಲಸ ಮಾಡಿದವರಿಗೆ ನಿಜವಾದ ಅವಕಾಶ ಇರುವುದು ಇಲ್ಲಿ. ನಿಜವಾದ ಅಪಾಯವೂ ಇಲ್ಲೇ.

ಅಂಧೇರಿಯ ಎಸ್‌ಪಿ ಜೈನ್, ಅಂದರೆ ಭವನ್ಸ್ ಕ್ಯಾಂಪಸ್ಸಿನ ಎಸ್‌ಪಿಜೆಐಎಂಆರ್, ಪ್ರೊಫೈಲ್ ನೋಡಿ ಕರೆಯುವುದಕ್ಕೆ ಹೆಸರುವಾಸಿ. ಪರೀಕ್ಷೆಯ ಅಂಕ ಬೇಕು, ಆದರೆ ಅದೊಂದೇ ಅಲ್ಲ. ಎರಡು ಸುತ್ತಿನ ಗುಂಪು ಸಂದರ್ಶನ ಇರುತ್ತದೆ. ಅರ್ಜಿ ಹಾಕುವಾಗಲೇ ಯಾವ ವಿಷಯ ಅಂತ ಹೇಳಬೇಕು. ಮಾರ್ಕೆಟಿಂಗೋ, ಫೈನಾನ್ಸೋ, ಆಪರೇಷನ್ಸೋ, ಇನ್‌ಫರ್ಮೇಷನ್ ಮ್ಯಾನೇಜ್‌ಮೆಂಟೋ. ಅಲೆದಾಡಿದವರು ಎಡವುವುದು ಈ ಒಂದು ಕಾಲಮ್ಮಿನಲ್ಲಿ. "ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತು" ಅಂದರೆ ಅಲ್ಲಿ ನಡೆಯುವುದಿಲ್ಲ. ಆ ಕಾಲಮ್ಮು ನಿಮಗೆ ತುಂಬಲು ಬರುತ್ತಿಲ್ಲ ಅಂದರೆ ನೀವು ಇನ್ನೂ ಅರ್ಜಿ ಹಾಕುವ ಹಂತಕ್ಕೆ ಬಂದಿಲ್ಲ ಅಂತ ಅರ್ಥ. ಇನ್ನೊಂದು ಮಾತು. ಅಲ್ಲಿನ ವಿದ್ಯಾರ್ಥಿಗಳು ಕೆಲವು ವಾರ ಸಾಮಾಜಿಕ ಸಂಸ್ಥೆಗಳ ಜೊತೆ ಕೆಲಸ ಮಾಡಬೇಕು. ಧಾರಾವಿಯ ಸಂಸ್ಥೆಯಲ್ಲಿ ದುಡಿದಂಥ ಅನುಭವವನ್ನು ಅಲ್ಲಿ ಯಾರೂ "ಟೈಮ್ ಪಾಸ್" ಅನ್ನುವುದಿಲ್ಲ. ಶುಲ್ಕ ಮಾತ್ರ 20 ಲಕ್ಷ ದಾಟಿದೆ, ನೆನಪಿರಲಿ.

ಐಎಸ್‌ಬಿ ಹೈದರಾಬಾದ್ ಮತ್ತು ಮೊಹಾಲಿಯಲ್ಲಿದೆ, ಒಂದೇ ವರ್ಷದ ಕೋರ್ಸು. ಜಿಮ್ಯಾಟ್ ಅಥವಾ ಜಿಆರ್‌ಇ ಅಂಕ, ಪ್ರಬಂಧ, ಶಿಫಾರಸು, ಸಂದರ್ಶನ. ಇಲ್ಲಿ ನಿಮ್ಮ ಬಗ್ಗೆ ನೀವೇ ಬರೆಯಬೇಕು. ಪೆನ್ಸಿಲ್ ಗೀರಿನ ಮನೆಗಳು ಬೆಲೆ ಪಡೆಯುವುದು ಈ ಪ್ರಬಂಧದಲ್ಲಿ.

ಹೇಗೆ ಅಂತ ಒಂದು ಉದಾಹರಣೆ. ಸೋದರತ್ತೆಯ ಮಗ ಮಾವನ ಕ್ಯಾಂಟೀನಿನಲ್ಲಿದ್ದ 17 ತಿಂಗಳ ಬಗ್ಗೆ ಮೊದಲು ಬರೆದಿದ್ದ ಸಾಲು ಇದು: "ಕುಟುಂಬದ ವ್ಯವಹಾರದಲ್ಲಿ ದೈನಂದಿನ ಕಾರ್ಯಾಚರಣೆ ನಿರ್ವಹಿಸಿದೆ." ಓದಿ ನನಗೆ ನಿದ್ದೆ ಬಂತು. "ಅಲ್ಲ, ಬೆಳಿಗ್ಗೆ ಎದ್ದು ಏನು ಮಾಡ್ತಿದ್ದೆ ಹೇಳು" ಅಂದೆ. ಅವನು ಹಾಲಿನ ವಿಷಯ ಹೇಳಿದ. ದಿನಕ್ಕೆ 60 ಲೀಟರ್ ತರಿಸುತ್ತಿದ್ದರಂತೆ, ಶನಿವಾರ ಆಫೀಸು ರಜೆ ಅಂತ ಗೊತ್ತಿದ್ದರೂ. ಇವನು ಒಂದು ತಿಂಗಳು ಚಹಾದ ಲೋಟ ಎಣಿಸಿದ. ವಾರದ ದಿನ 54, ಶನಿವಾರ 30 ಲೀಟರ್ ಸಾಕು ಅಂತ ತೋರಿಸಿದ. ಮಾವ ಒಪ್ಪಲಿಲ್ಲ. "ಚಹಾ ಇಲ್ಲ ಅಂದ್ರೆ ಗಿರಾಕಿ ಮತ್ತೆ ಬರಲ್ಲ" ಅಂದರು. ಎರಡು ವಾರ ಇವನು ತನ್ನ ಕೈಯಿಂದ ನಾಲ್ಕು ಪ್ಯಾಕೆಟ್ ಜಾಸ್ತಿ ತಂದು ಫ್ರಿಜ್ಜಿನಲ್ಲಿ ಇಟ್ಟು, ಅದು ಮುಟ್ಟದೇ ಉಳಿದದ್ದನ್ನು ತೋರಿಸಿದ ಮೇಲೆ ಒಪ್ಪಿದರು. ಇಷ್ಟನ್ನೂ ಹಾಗೇ ಬರೆ ಅಂದೆ. ಬೇಡಿಕೆಯ ಅಂದಾಜು, ದಾಸ್ತಾನು, ಹಟಮಾರಿ ಹಿರಿಯರನ್ನು ಒಪ್ಪಿಸುವುದು, ಮೂರೂ ಅದರೊಳಗೇ ಇವೆ. ಹೆಸರಿಟ್ಟು ಹೇಳಬೇಕಾಗಿಲ್ಲ.

ಆಮೇಲೆ ಅವನ ಉಳಿದ ಕೆಲಸಗಳನ್ನು ಅದೇ ಥರ ಕೆದಕಿದೆವು. ಔಷಧ ಕಂಪನಿಯಲ್ಲಿ ಎಂಆರ್ (ಮೆಡಿಕಲ್ ರೆಪ್) ಆಗಿದ್ದಾಗ ಯಾವ ಡಾಕ್ಟರು ಯಾವ ವಾರ ಸಿಗುತ್ತಾರೆ ಅಂತ ಅವನದ್ದೇ ಒಂದು ಡೈರಿ. ಡೆಲಿವರಿ ಕಂಪನಿಯಲ್ಲಿ ಹುಡುಗರ ಪಾಳಿ ಹಂಚುವ ಎಕ್ಸೆಲ್ ಹಾಳೆ. ಹುದ್ದೆಯ ಹೆಸರು ನೋಡಿದರೆ ಮೂರು ದಿಕ್ಕು. ಮಾಡಿದ ಕೆಲಸ ನೋಡಿದರೆ ಎಲ್ಲ ಕಡೆಯೂ ಇವನು ಎಷ್ಟು ಬೇಕು, ಯಾವಾಗ ಬೇಕು ಅಂತಲೇ ಲೆಕ್ಕ ಹಾಕುತ್ತಿದ್ದ. ಆಪರೇಷನ್ಸ್ ಅಂತ ಬರೆಯುವ ಧೈರ್ಯ ಅವನಿಗೆ ಅವತ್ತು ಬಂತು. ಎಲ್ಲರಿಗೂ ಹೀಗೆ ಒಂದು ದಾರ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ಸಿಗುವುದೇ ಇಲ್ಲ. ಇಲ್ಲದ ದಾರವನ್ನು ಹೊಸೆದರೆ ಎದುರು ಕೂತವರಿಗೆ ಎರಡೇ ಪ್ರಶ್ನೆಗೆ ಗೊತ್ತಾಗುತ್ತದೆ. ಅಂಥವರು ಕೇಳದೇ ಇರುವವರ ಬಾಗಿಲು ತಟ್ಟುವುದು ಒಳ್ಳೆಯದು.

ಎದುರು ಕೂತವರ ವಿಷಯ ಬಂತಲ್ಲ. ನನ್ನ ಮೊದಲ ಸಂದರ್ಶನದಲ್ಲಿ ಒಬ್ಬರು ನನ್ನ ಕೆಲಸಗಳನ್ನು ಬೆರಳು ಮಡಚಿ ಎಣಿಸಿದರು. ಐದನೇ ಬೆರಳು ಮಡಚಿ, ಮುಷ್ಟಿ ತೋರಿಸಿ, "ನಮ್ಮನ್ನೂ ಆರು ತಿಂಗಳಿಗೆ ಬಿಟ್ಟು ಹೋಗ್ತೀರಾ?" ಅಂತ ನಕ್ಕರು. ನಾನು "ಹೊಸದು ಕಲಿಯುವ ಆಸೆ ಸರ್" ಅಂದೆ. ಅದನ್ನು ಅವರು ಬೆಳಿಗ್ಗೆಯಿಂದ ಇಪ್ಪತ್ತು ಸಲ ಕೇಳಿರಬೇಕು. ಸೀಟು ಸಿಗಲಿಲ್ಲ. ಇವತ್ತು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ: "ಎರಡು ಕೆಲಸ ನಾನಾಗಿ ಬಿಟ್ಟೆ. ಒಂದು ಕಂಪನಿ ಬಾಗಿಲು ಹಾಕಿತು. ಒಂದು ಕಡೆ ಪ್ರಾಜೆಕ್ಟಿನ ದುಡ್ಡು ಮುಗಿಯಿತು. ಈಗಿನದ್ದರಲ್ಲಿ ಮೂರು ವರ್ಷ ಆಯಿತು." ಬಿಟ್ಟದ್ದಕ್ಕೆ ಒಂದೊಂದು ವಾಕ್ಯ ಸಾಕು. ಹಳೆಯ ಬಾಸನ್ನು ಬೈಯಬೇಡಿ. ಖಾಲಿ ತಿಂಗಳಿಗೂ ಅದೇ. ಅಮ್ಮನ ಆಪರೇಷನ್ನಿಗೆ ಊರಲ್ಲಿದ್ದೆ ಅಂದರೆ ಊರಲ್ಲಿದ್ದೆ. ಅದಕ್ಕೆ "ಸ್ವ-ಅಭಿವೃದ್ಧಿ" ಅಂತ ಬಣ್ಣ ಹಚ್ಚಬೇಡಿ. ಸಣ್ಣ ಕೆಲಸವನ್ನು ಅರ್ಜಿಯಿಂದ ಅಳಿಸಿ ಹಾಕುವ ಆಸೆಯೂ ಬೇಡ. ಪಿಎಫ್ ದಾಖಲೆ ಅದನ್ನು ಹೇಳಿಬಿಡುತ್ತದೆ.

ಒಂದು ವರ್ಷವೋ, ಎರಡೋ

ಇಲ್ಲಿ ಜನ ಬರೀ ದುಡ್ಡಿನ ಲೆಕ್ಕ ಹಾಕುತ್ತಾರೆ. ಹಾಕಲೇಬೇಕು. ತಿಂಗಳಿಗೆ 50,000 ಸಂಬಳ ಇದ್ದರೆ ಒಂದು ವರ್ಷದ ಕೋರ್ಸಿಗೆ ಶುಲ್ಕದ ಮೇಲೆ 6 ಲಕ್ಷ, ಎರಡು ವರ್ಷದ್ದಕ್ಕೆ 12 ಲಕ್ಷ ಕೈಬಿಟ್ಟು ಹೋಗುತ್ತದೆ. ಆದರೆ ನಮ್ಮಂಥವರಿಗೆ ಅದಕ್ಕಿಂತ ದೊಡ್ಡ ವ್ಯತ್ಯಾಸ ಸಮ್ಮರ್ ಇಂಟರ್ನ್‌ಶಿಪ್. ಎರಡು ವರ್ಷದ ಕೋರ್ಸಿನ ನಡುವೆ ಎರಡು ತಿಂಗಳಷ್ಟು ಹೊಸ ಕ್ಷೇತ್ರದ ಕಂಪನಿಯೊಂದರಲ್ಲಿ ಕೆಲಸ ಮಾಡಿ ತೋರಿಸಬಹುದು. ಒಂದು ವರ್ಷದ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಜಾಗ ಇಲ್ಲ. ಅಲ್ಲಿ ಕಂಪನಿಗಳು ನಿಮ್ಮ ಹಳೆಯ ಅನುಭವ ನೋಡಿಯೇ ತೆಗೆದುಕೊಳ್ಳುತ್ತವೆ. ಪಕ್ಕದಲ್ಲಿ ಒಂದೇ ಕ್ಷೇತ್ರದಲ್ಲಿ ಆರು ವರ್ಷ ಕಳೆದವರು ಕೂತಿರುತ್ತಾರೆ. ಅವರ ಎದುರು ನಿಮ್ಮ ಎರಡು ಮತ್ತು ಒಂದೂವರೆ ಮತ್ತು ಒಂದು ವರ್ಷಗಳು ತೆಳ್ಳಗೆ ಕಾಣುತ್ತವೆ.

ಉಲ್ಟಾ ಕಡೆಯಿಂದಲೂ ನೋಡಿ. ಏಳು ವರ್ಷ ಆದವರು ಎರಡು ವರ್ಷದ ಕೋರ್ಸಿಗೆ ಹೋದರೆ 22ರ ಮಕ್ಕಳ ಜೊತೆ ಕೂರಬೇಕು. ಕೂರುವುದು ಕಷ್ಟ ಅಲ್ಲ. ಪ್ಲೇಸ್‌ಮೆಂಟಿನಲ್ಲಿ ಅವರಿಗೆ ಕೊಡುವ ಕೆಲಸವನ್ನೇ ನಿಮಗೂ ಕೊಡುತ್ತಾರೆ, ಅದು ಕಷ್ಟ.

ನಾನು ಟೇಬಲಿನಲ್ಲಿ ಹೇಳುವುದು ಇಷ್ಟು. ಸಾಧಿಸಬಹುದಾದ ಅನುಭವ ನಾಲ್ಕು ವರ್ಷದೊಳಗೆ ಇದ್ದು ಕ್ಷೇತ್ರ ಬದಲಿಸಬೇಕು ಅಂದರೆ ಎರಡು ವರ್ಷದ್ದು. ನಾಲ್ಕರಿಂದ ಎಂಟು ಇದ್ದು ದಾರ ಸಿಕ್ಕಿದ್ದರೆ ಒಂದು ವರ್ಷದ್ದು. ದಾರ ಸಿಕ್ಕಿಲ್ಲ, ಅಥವಾ ಮನೆ ನಡೆಯುವುದೇ ನಿಮ್ಮ ಸಂಬಳದಲ್ಲಿ ಅಂದರೆ ಸಂಜೆ ಕಾಲೇಜು. ಎಂಟು ದಾಟಿದವರಿಗೆ ನಾನು ಕೆಲಸ ಬಿಡಿ ಅಂತ ಹೇಳುವುದಿಲ್ಲ. ವಾರಾಂತ್ಯದ ಎಕ್ಸಿಕ್ಯುಟಿವ್ ಕೋರ್ಸುಗಳನ್ನು ನೋಡಿ. ಇದು ನಿಯಮ ಅಲ್ಲ, ನನ್ನ ಅಭಿಪ್ರಾಯ. ಭಾವ ಇದಕ್ಕೂ ಒಪ್ಪುವುದಿಲ್ಲ. "ಅಷ್ಟು ದುಡ್ಡಿಗೆ ಒಂದು ಗಾಡಿ ಹಾಕಿ ದೋಸೆ ಮಾರಬಹುದು" ಎನ್ನುವುದು ಅವರ ಎಂಬಿಎ.

ಪರೀಕ್ಷೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೆಲಸ ಮಾಡುತ್ತ ಓದುವವರಿಗೆ ಜಿಮ್ಯಾಟ್ ಅನುಕೂಲ. ಬೇಕಾದ ದಿನ ಬರೆಯಬಹುದು, ಅಂಕ ಐದು ವರ್ಷ ನಡೆಯುತ್ತದೆ. ಈಗಿನ ರೂಪದಲ್ಲಿ 64 ಪ್ರಶ್ನೆ, ಎರಡೂಕಾಲು ಗಂಟೆ, 205ರಿಂದ 805ರ ತನಕ ಅಂಕ. ಶುಲ್ಕ ಮಾತ್ರ ಕ್ಯಾಟಿನ ಎಷ್ಟೋ ಪಟ್ಟು. ವಿಲೇಪಾರ್ಲೆಯ ನರ್ಸೀ ಮೊಂಜಿಗೆ ಎನ್‌ಮ್ಯಾಟ್, 108 ಪ್ರಶ್ನೆ, ಎರಡು ಗಂಟೆ, ಒಂದೇ ಸೀಸನ್ನಿನಲ್ಲಿ ಮೂರು ಸಲ ಬರೆಯಬಹುದು. ಮೊದಲ ಸಲ ಕೈ ನಡುಗುವವರಿಗೆ ಒಳ್ಳೆಯದು.

ಪುಣೆ, ಗೋವಾ

ಪುಣೆಯವರಿಗೆ ಸಿಂಬಯೋಸಿಸ್ ಕಾಲೇಜುಗಳ ಪ್ರವೇಶ ಪರೀಕ್ಷೆ ಸ್ನ್ಯಾಪ್. 60 ನಿಮಿಷದಲ್ಲಿ 60 ಪ್ರಶ್ನೆ. ಅದರಿಂದ ಲವಳೆ ಗುಡ್ಡದ ಮೇಲಿನ ಎಸ್‌ಐಬಿಎಂ, ಹಿಂಜವಡಿಯ ಎಸ್‌ಸಿಎಂಎಚ್‌ಆರ್‌ಡಿ ಎರಡಕ್ಕೂ ಅರ್ಜಿ ಹಾಕಬಹುದು. ಪರೀಕ್ಷೆ ಆದ ಮೇಲೆ ಸಂದರ್ಶನ ಇದೆ, ಅಂದರೆ ಅರ್ಧ ಎಣಿಸುವವರು, ಅರ್ಧ ಓದುವವರು. ಹಿಂಜವಡಿಯ ಐಟಿ ಹುಡುಗರಿಗೆ ಒಂದು ಮಾತು: ಟೆಸ್ಟಿಂಗು, ಸಪೋರ್ಟು, ಡೆವಲಪ್‌ಮೆಂಟು ಅಂತ ಮೂರು ಪ್ರಾಜೆಕ್ಟು ಬದಲಾದದ್ದು ಬೇರೆ ಬೇರೆ ಕೆಲಸ ಅಲ್ಲ. ಹೊರಗಿನವರಿಗೆ ಅದೆಲ್ಲ ಒಂದೇ ಕಾಣುತ್ತದೆ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್, ಅಂದರೆ ಜಿಐಎಂ, ಇರುವುದು ಸಾಂಖಳಿಯಲ್ಲಿ. 1993ರಲ್ಲಿ ಫಾದರ್ ರೊಮುವಾಲ್ಡ್ ಡಿಸೋಜಾ ಶುರು ಮಾಡಿದ ಸಂಸ್ಥೆ. ಮೊದಲು ಮಾಂಡೋವಿ ದಡದ ರಿಬಂದರಿನಲ್ಲಿ ಇತ್ತು. ವಾಸ್ಕೋ, ಮಡಗಾಂವಿನ ನಮ್ಮವರಿಗೆ ಇದು ಹತ್ತಿರ ಅನಿಸುವುದು ಸಹಜ. ಬೆಳಗಾವಿಯವರಿಗೂ ಚೋರ್ಲಾ ಘಾಟಿ ಇಳಿದರೆ ಸಾಂಖಳಿಯೇ. ಕ್ಯಾಟ್ ಅಥವಾ ಕ್ಸ್ಯಾಟ್ ಪರೀಕ್ಷೆಯ ಅಂಕದ ಮೇಲೆ ಸಂದರ್ಶನಕ್ಕೆ ಕರೆಯುತ್ತಾರೆ. ಎಂಬಿಎ ಥರದ್ದೇ ಆದ ಮಾಮೂಲಿ ಪಿಜಿಡಿಎಂ ಜೊತೆ ಹೆಲ್ತ್‌ಕೇರ್ ಮ್ಯಾನೇಜ್‌ಮೆಂಟಿಗೇ ಒಂದು ಬೇರೆ ಕೋರ್ಸಿದೆ. ಆಸ್ಪತ್ರೆ, ಲ್ಯಾಬು, ಔಷಧ ಕಂಪನಿ, ಇನ್ಶೂರೆನ್ಸು ಅಂತ ಸುತ್ತಿದವರಿಗೆ ಆ ಕೋರ್ಸು ತಾನಾಗಿಯೇ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿಕೊಡುತ್ತದೆ. ವಿದ್ಯಾರ್ಥಿಗಳು ಸ್ಥಳೀಯ ಸಂಸ್ಥೆಗಳಿಗೆ ಕೆಲಸ ಮಾಡಿಕೊಡುವ 'ಗಿವ್ ಗೋವಾ' ಎಂಬ ಕಾರ್ಯಕ್ರಮವೂ ಇದೆ. ಆದರೆ ಅದು ಹಾಸ್ಟೆಲಿನಲ್ಲಿ ಇದ್ದು ಓದುವ ಜಾಗ. ಮನೆಯಿಂದ ಓಡಾಡಬಹುದು ಅಂದುಕೊಂಡಿದ್ದರೆ ಮರೆತುಬಿಡಿ. ಮನೆಯಲ್ಲಿದ್ದು ಕಡಿಮೆ ಖರ್ಚಿನಲ್ಲಿ ಓದಬೇಕು ಅನ್ನುವವರು ತಾಳಗಾಂವಿನ ಗೋವಾ ವಿಶ್ವವಿದ್ಯಾಲಯದ ಗೋವಾ ಬಿಸಿನೆಸ್ ಸ್ಕೂಲಿನಲ್ಲಿ ವಿಚಾರಿಸಿ.

ಸೋದರತ್ತೆಯ ಮಗ ಮೊನ್ನೆ ಮತ್ತೆ ಬಂದಿದ್ದ. ಜಿಮ್ಯಾಟ್ ಬರೆದಾಗಿದೆ. ಎರಡು ಕಡೆ ಹಾಕುವುದು ಅಂತ ತೀರ್ಮಾನ ಮಾಡಿದ್ದಾನೆ, ಎರಡೂ ಓದುವವರೇ. ಲ್ಯಾಪ್‌ಟಾಪ್ ತೆರೆದು ಫಾರ್ಮು ತುಂಬುತ್ತಿದ್ದ. ಕೆಲಸದ ವಿವರಕ್ಕೆ ಮೊದಲು ಮೂರು ಸಾಲು ಕಾಣಿಸಿತು. ನನ್ನ ಮುಖ ನೋಡಿದ. ಕೆಳಗೆ ಇನ್ನೊಂದು ಸೇರಿಸುವ ಬಟನ್ ಇತ್ತು, ತೋರಿಸಿದೆ. ಒತ್ತಿದ, ತುಂಬಿದ, ಮತ್ತೆ ಒತ್ತಿದ. ಕ್ಯಾಂಟೀನಿನ ಹೆಸರು ಬರೆಯುವಾಗ ಮಾವನಿಗೆ ಫೋನ್ ಮಾಡಿ ಸರಿಯಾದ ಸ್ಪೆಲ್ಲಿಂಗ್ ಕೇಳಿದ. ಅಷ್ಟರಲ್ಲಿ ನಾಲ್ಕೂವರೆ ಆಗಿತ್ತು. ಭಾವ ಬಂದು, ಚಹಾದ ಹೊತ್ತು, ಟೇಬಲು ಖಾಲಿ ಮಾಡಿ ಅಂದರು.